ಇಳಿಯದ ನೀರು

ಹೊಳೆಯಲ್ಲಿ ನೀರು ತುಂಬಿ ನಿಂತರೆ ನನ್ನ ಅಪ್ಪ ದುರ್ಗಪ್ಪನಿಗೆ ಮೂಗಿನ ತುದಿಯಲ್ಲಿ ಸಿಟ್ಟು. ತದಡಿಯ ಹತ್ತಿರ ಅಘನಾಶಿನಿಯ ಕೆಸರಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿಯೇ ಅವನೂ ಅಮ್ಮ ಗಂಗಿಯೂ ನನ್ನನ್ನು ಸಾಕಿದ್ದು. ಸಮುದ್ರ ಇಳಿತವಾಗಿ ಹೊಳೆಯ ಕೆಸರು ಕಂಡರೆ ಮಾತ್ರ ಚಿಪ್ಪು ಕೈಗೆ ಸಿಗುತ್ತದೆ. ನೀರು ಇಳಿದರೆ ಶುಭ, ಇಳಿಯದಿದ್ದರೆ ಅಶುಭ. ಅಪ್ಪನ ಪಂಚಾಂಗ ಇಷ್ಟೇ.

ಈ ಸಲ ಮಳೆ ಮುಗಿಯುವ ಹೊತ್ತಿಗೆ ಅಮ್ಮನಿಗೆ ಹೊಟ್ಟೆನೋವು ಬಂತು. ಕುಮಟೆಯಲ್ಲಿ ಸ್ಕ್ಯಾನ್ ಮಾಡಿದವರು ಲಿವರ್‌ನಲ್ಲಿ ಒಂದು ಗಂಟಿದೆ ಎಂದರು. ಕ್ಯಾನ್ಸರೋ ಅಲ್ಲವೋ ತಿಳಿಯಲು ಸಿ.ಟಿ. ಮಾಡಬೇಕಿತ್ತು, ಆದರೆ ಅದಕ್ಕೆ ಕೊಡುವ ಔಷಧವನ್ನು ಅಮ್ಮನ ಕಿಡ್ನಿ ತಾಳುವಂತಿರಲಿಲ್ಲ. ಹಾಗಾಗಿ ಹೊನ್ನಾವರದ ಡಾಕ್ಟರ್ ಶ್ರೇಯಾ ಅವರಲ್ಲಿಗೆ ಹೋದೆವು. ಅಲ್ಲಿಯೂ ಅಲ್ಟ್ರಾಸೌಂಡೇ, ಆದರೆ ರಕ್ತನಾಳಕ್ಕೆ ಸಣ್ಣ ಗಾಳಿಗುಳ್ಳೆಗಳ ಇಂಜೆಕ್ಷನ್ ಕೊಟ್ಟು ಗಂಟಿನೊಳಗೆ ರಕ್ತ ಹರಿಯುವ ಬಗೆ ನೋಡುತ್ತಾರೆ.

"ರಕ್ತಕ್ಕೆ ಗಾಳಿ ಹೊಕ್ಕರೆ ಜೀವ ಹೋಗ್ತದಂತಲ್ಲ?" ಎಂದಳು ಅಮ್ಮ.

ಡಾಕ್ಟರು ನಕ್ಕರು. "ರಕ್ತದ ಕಣಕ್ಕಿಂತ ಸಣ್ಣ ಗುಳ್ಳೆ ಅಮ್ಮ. ಸ್ವಲ್ಪ ಹೊತ್ತಿಗೆ ನಿಮ್ಮ ಉಸಿರಲ್ಲೇ ಹೊರಗೆ ಹೋಗ್ತದೆ."

ಹೊರಗೆ ಕೂರಲು ಅಪ್ಪ ಒಪ್ಪಲೇ ಇಲ್ಲ. "ಅದ್ರಲ್ಲಿ ಎಂತ ಕಾಣ್ತದೆ?" ಎಂದು ಪರದೆಯ ಎದುರಿಗೇ ನಿಂತ.

"ರಕ್ತ ಹರಿದಲ್ಲಿ ಬೆಳ್ಳಗೆ, ನೀರು ಏರಿದ ಹಾಗೆ ಕಾಣ್ತದೆ ಯಜಮಾನ್ರೇ. ಗಂಟಿನಲ್ಲಿ ಏರಿದ್ದು ಬೇಗ ಇಳೀತದೋ, ಅಲ್ಲೇ ನಿಲ್ತದೋ ನೋಡ್ಬೇಕು."

ಯಾವುದು ಒಳ್ಳೆಯದೆಂದು ಅವರು ಹೇಳಲಿಲ್ಲ, ಅಪ್ಪ ಕೇಳಲೂ ಇಲ್ಲ. ನೀರಿನ ವಿಷಯ ಅವನಿಗೆ ಯಾರಾದರೂ ಹೇಳಿಕೊಡಬೇಕೇ! ಪದವಿ ಓದಿದ ನಾನೂ ಕೇಳಲಿಲ್ಲ. ಅವನ ಮಗಳಲ್ಲವೇ.

ಇಂಜೆಕ್ಷನ್ ಹೋಯಿತು. ಪರದೆಯ ಮೇಲೆ ಲಿವರ್ ಬೆಳ್ಳಗಾಯಿತು, ಗಂಟು ಮಾತ್ರ ಕಪ್ಪಾಗಿಯೇ ಉಳಿಯಿತು. ಆಮೇಲೆ ಅದರ ಅಂಚಿನಲ್ಲಿ ಬೆಳಕು ಮೂಡಿ, ಮೆಲ್ಲಗೆ ನಡುವಿನ ಕಡೆಗೆ ಸರಿಯುತ್ತ ಗಂಟನ್ನು ತುಂಬಿತು.

"ಇಳಿ ಮಾರಾಯಾ, ಇಳಿ," ಎಂದು ಅಪ್ಪ ಪಿಸುಗುಟ್ಟಿದ.

ಅದು ಇಳಿಯಲಿಲ್ಲ. ಡಾಕ್ಟರು ಪರದೆಯನ್ನೇ ನೋಡುತ್ತಿದ್ದರು. ಅಪ್ಪ ಹೆಗಲ ಟವೆಲ್ಲಿನಲ್ಲಿ ಮುಖ ಮುಚ್ಚಿ ಬಿಕ್ಕಿದ. "ನೀರು ಇಳೂದೇ ಇಲ್ಲ ಗಂಗೀ..."

ಅಲುಗಾಡಬಾರದು ಎಂದು ಹೇಳಿದ್ದರೂ ಅಮ್ಮ ಮಲಗಿದಲ್ಲಿಂದಲೇ ಕೈಚಾಚಿ ಅವನ ಪಂಚೆಯ ತುದಿ ಹಿಡಿದಳು. "ನಾನು ಇಲ್ಲೇ ಇದ್ದೇನಲ್ಲ, ಎಂತಕ್ಕೆ ಅಳೂದು?"

ಡಾಕ್ಟರು ಗಾಬರಿಯಾಗಿ ತಿರುಗಿದರು. "ಅಯ್ಯೋ, ಇಳಿಯದೇ ನಿಲ್ಲೋದೇ ಬೇಕಾಗಿತ್ತು ಯಜಮಾನ್ರೇ! ಕ್ಯಾನ್ಸರ್ ಆಗಿದ್ರೆ ಬೇಗ ಏರಿ ಇಳಿದುಬಿಡ್ತಿತ್ತು. ಇದು ರಕ್ತನಾಳಗಳದ್ದೇ ಒಂದು ಗಂಟು, ಏನೂ ಮಾಡೂದಿಲ್ಲ. ಹೊಟ್ಟೆನೋವು ಗ್ಯಾಸ್ಟ್ರಿಕ್‌ದು, ಮಾತ್ರೆ ಕೊಡ್ತೇನೆ."

"ನಿಂತದ್ದೇ ಒಳ್ಳೇದಾ?" ಎಂದ ಅಪ್ಪ. ಬಸ್ಸು ಹಳದೀಪುರ ದಾಟಿದ ಮೇಲೂ ನನ್ನನ್ನು ಅದನ್ನೇ ಕೇಳುತ್ತಿದ್ದ. ಪ್ರತಿಸಲವೂ ಹೌದು ಎಂದೆ. ಹೇಳಿದಷ್ಟೂ ನನಗೂ ಖುಷಿಯಾಗುತ್ತಿತ್ತು.

ತದಡಿಗೆ ಬಂದಾಗ ಹೊಳೆ ದಂಡೆಯವರೆಗೆ ತುಂಬಿತ್ತು. "ಇವತ್ತು ಬೈಯೂದಿಲ್ವಾ?" ಎಂದು ಅಮ್ಮ ಅವನನ್ನು ಕೆಣಕಿದಳು.

ಅಪ್ಪ ದಂಡೆಯ ಕಲ್ಲಿನ ಮೇಲೆ ಕೂತು, ಊರವರು ನೋಡುತ್ತಿದ್ದಂತೆಯೇ ಅವಳ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡ.

"ನಿಲ್ಲಲಿ ಬಿಡು," ಎಂದ. "ಇವತ್ತೊಂದಿನ ಹೀಂಗೇ ನಿಲ್ಲಲಿ."