ರಮಾನಂದ ನಾಯಕರು ಮುಚ್ಚದ ಪುಟ

ಹೊನ್ನಾವರದ ಸೆಖೆಯಲ್ಲಿ ವರ್ಷವಿಡೀ ಸ್ವೆಟರ್ ತೊಟ್ಟು ಓಡಾಡಿದ ಮನುಷ್ಯನನ್ನು ನಾನು ಕಂಡದ್ದು ಒಬ್ಬರನ್ನೇ, ನಮ್ಮ ಕಚೇರಿಯ ಕಂಪ್ಯೂಟರ್ ವಿಭಾಗದ ರಮಾನಂದ ನಾಯಕರನ್ನು. ಇಡೀ ಕಟ್ಟಡದಲ್ಲಿ ಎ.ಸಿ. ಇದ್ದದ್ದು ಸರ್ವರ್ ಕೋಣೆಗೆ ಮಾತ್ರ. ಗರ್ಭಗುಡಿಯೇನೋ ಎಂಬಂತೆ ಅದರ ಹೊರಗೆ ಚಪ್ಪಲಿ ಬಿಟ್ಟು, ತಮ್ಮೂರು ಹಿರೇಗುತ್ತಿಯ ಗದ್ದೆಯಂಚಿನಲ್ಲಿ ನಡೆದು ರೂಢಿಯಾದ ಪಾದಗಳನ್ನು ಒಂದರ ಮುಂದೊಂದು ಇಡುತ್ತ ಅವರು ಒಳಹೋಗುವ ಗಾಂಭೀರ್ಯ ಕಂಡರೆ ನಮಗೆ ನಗುವೂ ಭಯವೂ ಒಟ್ಟಿಗೇ ಬರುತ್ತಿತ್ತು.

ಕಚೇರಿಯಲ್ಲಿ ಯಾವ ಜಾಲತಾಣ ತೆರೆಯಬೇಕು, ಯಾವುದು ಮುಚ್ಚಿರಬೇಕು ಎಂಬುದು ಅವರ ಕೈಯಲ್ಲಿತ್ತು. ಫೋನಿನಲ್ಲಿ ಅಂತರ್ಜಾಲ ಸರಿಯಾಗಿ ಸಿಗದಿದ್ದ ಆ ದಿನಗಳಲ್ಲಿ ಕ್ರಿಕೆಟ್ ಸ್ಕೋರಿಗೂ ಅವರ ಮುಂದೆ ಕೈಕಟ್ಟಿ ನಿಲ್ಲಬೇಕು. ಕನ್ನಡಕದ ಮೇಲಿಂದ ನೋಡಿ, "ಎಂತಕ್ಕೆ ಬೇಕು?" ಎನ್ನುವರು. ಉತ್ತರ ಏನೇ ಇರಲಿ, "ಅದು ಬರೂದಿಲ್ಲ." ನಾನೊಮ್ಮೆ ಕಳ್ಳದಾರಿ ಹುಡುಕಿದೆ, ಅರ್ಧ ಗಂಟೆಯಲ್ಲಿ ಅದೂ ಮುಚ್ಚಿತು. ಆಗ ಅವರನ್ನು ಮನಸಾರೆ ಬೈದಿದ್ದೇನೆ.

ಮಾವಿನಕುರ್ವೆಯ ಮಹಾಲಕ್ಷ್ಮೀ ನಮ್ಮಲ್ಲಿ ಗುಮಾಸ್ತೆ. ಆಕೆಯ ಪರದೆಯ ಮೇಲೆ ದಿನವೂ ಬಣ್ಣಬಣ್ಣದ ಬಾಣಗಳು ಹರಿದಾಡುವುದು ಒಮ್ಮೆ ರಮಾನಂದರ ಕಣ್ಣಿಗೆ ಬಿತ್ತು. ಗದ್ದೆಯ ಮನುಷ್ಯ, ಆಟವೆಂದು ತಿಳಿದು ಮುಚ್ಚಿಬಿಟ್ಟರು. ಆಕೆ ನೇರ ಅವರ ಮೇಜಿಗೇ ಬಂದಳು.

"ಆಟ ಅಲ್ಲ ಸರ್, ಗಾಳಿ. ನಮ್ಮನೆಯವ್ರು ಬೋಟಿಗೆ ಹೋಗೂದು."

ಆ ಬಾಣಗಳಲ್ಲಿ ಗಾಳಿ ಏಳುವಂತೆ ಕಂಡರೆ ಆಕೆ ಬೋಟು ಕಟ್ಟುವ ಧಕ್ಕೆಗೆ ಫೋನು ಮಾಡುವಳು. ಅಲ್ಲಿಂದ ವೈರ್‌ಲೆಸ್‌ನಲ್ಲಿ ಬೋಟುಗಳಿಗೆ ಸುದ್ದಿ. ಇದನ್ನು ಕೇಳಿ ರಮಾನಂದರ ಮುಖ ಸಣ್ಣಗಾಯಿತು. "ಆತು," ಎಂದಷ್ಟೇ ಹೇಳಿ ತೆರೆದುಕೊಟ್ಟರು. ಅಂದಿನಿಂದ ಪ್ರತಿದಿನ ಮೂರು ಗಂಟೆಗೆ ಆಕೆಯ ಕುರ್ಚಿಯ ಹಿಂದೆ ಬಂದು ನಿಂತು, "ಇವತ್ತು ಗಾಳಿ ಎಂತ?" ಎಂದು ವಿಚಾರಿಸುವರು.

ಕಾರ್ತಿಕದ ಒಂದು ಮಧ್ಯಾಹ್ನ ಕೇಂದ್ರ ಕಚೇರಿಯಿಂದ ಕರೆ ಬಂತು. ಪಟ್ಟಿಯಲ್ಲಿಲ್ಲದ ತಾಣವನ್ನು ತೆರೆದದ್ದೇಕೆ, ಈಗಿಂದೀಗಲೇ ಮುಚ್ಚಬೇಕು, ಇಲ್ಲವಾದರೆ ಸರ್ವರಿನ ಅಧಿಕಾರ ಬೇರೆಯವರಿಗೆ. ಹೊರಗೆ ತೆಂಗಿನ ಮರಗಳು ಬಾಗತೊಡಗಿದ್ದವು. ಐದು ಬೋಟು ಇನ್ನೂ ಬಂದಿರಲಿಲ್ಲ. ಮಹಾಲಕ್ಷ್ಮೀಯ ಗಂಡ ದೇವು ಅವುಗಳಲ್ಲೊಂದರಲ್ಲಿದ್ದ. ಗಾಳಿ ಯಾವ ಕಡೆ ತಗ್ಗುತ್ತಿದೆಯೆಂದು ಆಕೆ ಪರದೆ ನೋಡಿ ಧಕ್ಕೆಗೆ ಹೇಳುತ್ತಲೇ ಇದ್ದಳು. ಇಪ್ಪತ್ತೆರಡು ವರ್ಷ ಮೇಲಿನವರಿಗೆ ಎದುರಾಡದ ರಮಾನಂದರು ಫೋನಿನಲ್ಲಿ ಮೆಲ್ಲಗೆ ಅಂದರು:

"ಬೋಟು ಬರ್ಲಿ ಸರ್. ಮತ್ತೆ ಮುಚ್ಚುವಾ."

ಆರು ಗಂಟೆಗೆ ಐದೂ ಬೋಟು ಹೊಳೆ ಕಡಲು ಸೇರುವ ಅಳಿವೆ ದಾಟಿ ಒಳಬಂದವು. ಆಮೇಲೆಯೇ ಅವರು ಪುಟ ಮುಚ್ಚಿದ್ದು. ಮರುವಾರ ಅವರನ್ನು ಟಪಾಲು ವಿಭಾಗಕ್ಕೆ ಹಾಕಿದರು. ನಿವೃತ್ತಿಯವರೆಗೂ ಅಲ್ಲಿ ಲಕೋಟೆಗೆ ಅಂಟು ಹಚ್ಚುತ್ತಿದ್ದರು, ಯಾರನ್ನೂ ದೂರಲಿಲ್ಲ.

ಈಗ ಎಲ್ಲರ ಕೈಯಲ್ಲೂ ಫೋನಿದೆ, ಯಾರ ಮುಂದೆಯೂ ನಿಲ್ಲಬೇಕಿಲ್ಲ. ಆದರೂ ಅವರಿಂದ ಇಲ್ಲವೆನ್ನಿಸಿಕೊಂಡ ಆ ದಿನಗಳು ಆಗಾಗ ನೆನಪಾಗುತ್ತವೆ. ನಿಯಮವನ್ನು ದಿನಕ್ಕೆ ಹತ್ತು ಸಲ ಮುರಿಯುವ ನಮ್ಮಂಥವರು ಅದಕ್ಕಾಗಿ ಏನನ್ನೂ ಕಳೆದುಕೊಳ್ಳುವುದಿಲ್ಲ. ಜೀವಮಾನವಿಡೀ ಪಾಲಿಸಿದವರು ಮುರಿಯುವುದು ಒಂದೇ ಒಂದು ಸಲ. ಆ ದಿನ ಯಾರದೋ ಮನೆಯವರು ರಾತ್ರಿಯೂಟಕ್ಕೆ ಮನೆ ಸೇರುತ್ತಾರೆ.