ಎರಡನೆಯ ಲೇತ್

ಬಾಫೋ ಕಬ್ಬಿಣ ಕಡೆಯುವ ಲೇತನ್ನು ನೆಲಕ್ಕೆ ಬಿಗಿದಿದ್ದ ಬೋಲ್ಟುಗಳಲ್ಲಿ ಮೂರನ್ನು ಬಿಚ್ಚಿ ನಾಲ್ಕನೆಯದಕ್ಕೆ ಸ್ಪ್ಯಾನರ್ ಹಾಕಿದಾಗ ಸೆರ್ವಾ ಅವನ ಮಣಿಕಟ್ಟು ಹಿಡಿದಳು. ಅವಳ ತಂದೆ ಅಪ್ರಾಕುವನ್ನು ಮಣ್ಣು ಮಾಡಿ ಎರಡು ಗಂಟೆಯೂ ಆಗಿರಲಿಲ್ಲ. ಕುಮಾಸಿ ನಗರದ ಅವನ ವರ್ಕ್‌ಶಾಪಿನ ಅಂಗಳದಲ್ಲಿ ಕಪ್ಪು, ಕೆಂಪು ಶೋಕದ ಬಟ್ಟೆಯ ಜನ ಸೇರುತ್ತಿದ್ದರು.

"ಬಿಡೇ. ಜನ ಕೂರೋಕೆ ಕುರ್ಚಿ ತಂದ ಲಾರಿ ಖಾಲಿ ಹೋಗ್ತಿದೆ, ಸುಮ್ನೆ ಯಾಕೆ ಕಳಿಸ್ಲಿ?" ಎಂದ ಬಾಫೋ. ಅವನು ಸತ್ತವನ ಅಕ್ಕನ ಮಗ. ಅವರಲ್ಲಿ ಆಸ್ತಿ ತಾಯಿಯ ಕುಲದಲ್ಲೇ ಇಳಿಯುವುದರಿಂದ ವಾರಸುದಾರ ಅವನೇ.

"ಈ ಲೇತ್ ಅಪ್ಪ ನಂಗೆ ಕೊಟ್ಟಿದ್ದಾರೆ."

ಕುಲದ ಹಿರಿಯ ಅಗ್ಯೆಮಾಂಗ್ ಒಳಗೆ ಬಂದ. "ಕೊಟ್ಟಿದ್ರೆ ಸರಿ ಮಗಳೇ. ಬಾಟ್ಲಿ ಇಟ್ಟು ಉಪಕಾರ ಆಯ್ತು ಅಂತ ಹೇಳಿದ್ಯಾ? ಯಾರ ಎದುರಿಗೆ?" ಕೊಡುಗೆ ಪಡೆದವರು ಸಾಕ್ಷಿಗಳ ಮುಂದೆ ಮದ್ಯದ ಬಾಟಲಿ ಇಟ್ಟು ಕೃತಜ್ಞತೆ ಹೇಳಿದರೆ ಮಾತ್ರ ಅದು ಅವರದಾಗುತ್ತಿತ್ತು.

*

ಆರು ವರ್ಷದ ಹಿಂದೆ ಎಜುರಾ ಊರಿನ ಹೆಂಗಸರು ಮರಗೆಣಸು ತುರಿಯುವ ಇಪ್ಪತ್ತು ಯಂತ್ರ ಬೇಕೆಂದಿದ್ದರು. ಅಪ್ರಾಕುವಿನ ಮೊದಲನೆಯ ಲೇತಿಗೆ ಲಾರಿ ರಿಪೇರಿಯ ಕೆಲಸದಿಂದ ಬಿಡುವಿರಲಿಲ್ಲ. ಎರಡನೆಯದು ಕೊಂಡ ದಿನದಿಂದ ಸುಮ್ಮನೆ ನಿಂತಿತ್ತು.

"ಅದ್ರಲ್ಲಿ ನಾನು ಮಾಡ್ತೀನಪ್ಪ," ಎಂದಿದ್ದಳು ಸೆರ್ವಾ.

"ಮೊದಲನೇದು ಕೆಟ್ರೆ?"

"ನನ್ನ ಕೆಲ್ಸ ನಿಲ್ಸಿ ಬಿಟ್ಕೊಡ್ತೀನಿ."

"ಸವೆಸಿಟ್ಟ ಮೇಲೆ ಬಿಟ್ಕೊಟ್ಟು ಏನು ಬಂತು? ಇರ್ಲಿ ಬಿಡು, ಆಪತ್ತಿಗೆ."

ಮೊದಲನೆಯದು ಕೆಡಲೇ ಇಲ್ಲ. ಇಪ್ಪತ್ತು ಯಂತ್ರಗಳನ್ನು ಪಕ್ಕದ ಶೆಡ್ಡಿನವನು ಮಾಡಿಕೊಟ್ಟ. ಈಗ ಅವನದು ಮೂರು ಶೆಡ್ಡು, ಹದಿನೆಂಟು ಆಳು. ಅಪ್ರಾಕುವಿನದು ಅದೇ ತಗಡಿನ ಮಾಡು, ಅದೇ ಇಬ್ಬರು ಕೆಲಸಗಾರರು.

ಹೋದ ತಿಂಗಳು, ಹತ್ತಿರ ಯಾರೂ ಇಲ್ಲದಾಗ, ಅಪ್ರಾಕು ಕಾಯಿಲೆಯ ಹಾಸಿಗೆಯಲ್ಲಿ ಮಗಳಿಗೆ ಹೇಳಿದ: "ಎರಡನೇದು ನೀನೇ ತಗೊ. ಅದನ್ನ ಸುಮ್ನೆ ನಿಲ್ಸಿಬಿಟ್ಟೆ."

ಅಂದೇ ನಾಲ್ಕು ಜನರನ್ನು ಕರೆದು ಬಾಟಲಿ ಇಡಬೇಕಿತ್ತು. ಸಾಯುವವನ ಮುಂದೆ ಇಟ್ಟರೆ ಸಾವಿಗೇ ಕಾಯುತ್ತಿದ್ದಳು ಎನ್ನುತ್ತಾರೆಂದು ಸೆರ್ವಾ ಹಿಂಜರಿದಳು. ಅಪ್ಪ ಒಮ್ಮೆ ಎದ್ದು ಕೂರಲಿ, ಆಮೇಲೆ ಎಂದುಕೊಂಡಳು.

*

"ಯಾರೂ ಇರ್ಲಿಲ್ಲ," ಎಂದಳು ಸೆರ್ವಾ.

"ಸಾಕ್ಷಿ ಇಲ್ದೆ ಕೊಟ್ಟಿದ್ದು ಕೊಟ್ಟಂಗಲ್ಲ," ಎಂದ ಹಿರಿಯ. "ನಾಳೆ ಊರೋರೆಲ್ಲ ನಂಗೂ ಕೊಟ್ಟಿದ್ದ ಅಂತ ಬರ್ತಾರೆ."

"ಇದನ್ನ ಏನು ಮಾಡ್ತೀಯೋ?" ಎಂದು ಸೆರ್ವಾ ಬಾಫೋನನ್ನು ಕೇಳಿದಳು.

"ಮಾರ್ತೀನಿ. ತೂಕಕ್ಕೆ ತಗೊಳ್ಳೋ ಗುಜರಿಯೋರಿದ್ದಾರೆ," ಎಂದ ಬಾಫೋ.

"ಒಂದು ದಿನಾನೂ ಓಡಿಲ್ಲ ಕಣೋ! ಹೊಚ್ಚಹೊಸದು!"

"ಮಾದರಿ ಹಳೇದು ಕಣೇ. ಇದರ ಬಿಡಿಭಾಗ ಈಗ ಯಾರು ಮಾಡ್ತಾರೆ?"

ಲಾರಿಗೆ ಎತ್ತುವಾಗ ಒಬ್ಬ ಆಳು ಕಡಿಮೆ ಬಿದ್ದ. ಬೀಳಿಸಿ ಒಡೆದಾರೆಂದು ಸೆರ್ವಾಳೇ ಲೇತಿನ ಬುಡಕ್ಕೆ ಕೈಹಾಕಿ ಎತ್ತಿಸಿದಳು.

ಲಾರಿ ಹೋದ ಮೇಲೆ ಮನೆಯವರ ಸಾಲಿನಲ್ಲಿ ನಿಂತಳು. ಬಂದವರು ಒಬ್ಬೊಬ್ಬರೇ ಅವಳ ಕೈಕುಲುಕಿ, ಮುಂದೆ ಸರಿಯುವ ಮೊದಲು ತಮ್ಮ ಅಂಗೈ ನೋಡಿಕೊಂಡರು. ಗ್ರೀಸ್. ಒಮ್ಮೆಯೂ ತಿರುಗದ ಯಂತ್ರದ, ಒಂದಿಷ್ಟೂ ಕಪ್ಪಾಗದ, ಹಳದಿ ಗ್ರೀಸ್.