ಗೆರೆಯಾಚೆ ಇಲ್ಲದ ಕಾಯಿ

ಕಡೂರು ಸ್ಟೇಷನ್ನಿನಲ್ಲಿ ರೈಲು ನಿಂತಾಗ ಟಿಕೆಟ್ ಕಲೆಕ್ಟರ್ ಷಡಕ್ಷರಿ ಕೆಳಗಿಳಿದ. ತೆಂಗಿನಕಾಯಿ ಮೂಟೆ ಹೊರುತ್ತಿದ್ದ ಬೀರಪ್ಪನನ್ನು ಕಂಡು ನಕ್ಕ.

"ಲೇ ಬೀರ, ಅವತ್ತಿನ ಕಾಯಿ ಸಿಕ್ತೇನೋ?"

"ಈಗ ದಿನಾ ಮೂಟೆಗಟ್ಲೆ ಸಿಗ್ತಾವೆ ಕಣಣ್ಣ."

ಬೀರಪ್ಪನ ಊರಿನ ಓಟದಲ್ಲಿ, ಕೊನೆಯಲ್ಲಿ ನೆಲದ ಮೇಲಿಟ್ಟ ಕಾಯಿಯನ್ನು ಮೊದಲು ಎತ್ತಿದವನೇ ಗೆದ್ದಂತೆ. ಎಪ್ಪತ್ತಮೂರರಲ್ಲಿ ಇಬ್ಬರೂ ಬೆಂಗಳೂರಿಗೆ ಓಡಲು ಹೋಗಿದ್ದರು. ಗೆದ್ದವನಿಗೆ ರೈಲ್ವೆಯಲ್ಲಿ ಕೆಲಸವಿತ್ತು. ಎಲ್ಲರಿಗಿಂತ ಮುಂದಿದ್ದ ಬೀರಪ್ಪ, ಗೆರೆ ಹತ್ತಿರವಾಗುತ್ತಲೇ ಊರಿನ ಅಭ್ಯಾಸದಂತೆ ಕಾಲು ನಿಧಾನಿಸಿ, ಕೈಚಾಚಿ ಬಾಗಿದ. ಅಲ್ಲಿ ಕಾಯಿ ಇರಲಿಲ್ಲ. ಪಕ್ಕದಲ್ಲೇ ಬಂದ ಷಡಕ್ಷರಿ ಎದೆಯೊಡ್ಡಿ ದಾರ ಹರಿದುಕೊಂಡು ಹೋದ.

ಷಡಕ್ಷರಿಯ ನಗು ನಿಂತಿತು. "ನೀನು ಬಗ್ಗದೇ ಇದ್ದಿದ್ರೆ ನಾನು ಗೆಲ್ತಿರ್ಲಿಲ್ಲ ಕಣೋ."

"ಅದೇ ಕಣಣ್ಣ ಸಂಕಟ. ನಿನ್ನ ಕೈಲಿ ಸೋತಿದ್ರೆ ಎಂದೋ ಮರ್ತುಬಿಡ್ತಿದ್ದೆ."

ಗಾರ್ಡು ಸೀಟಿ ಊದಿದ. ಹೊಟ್ಟೆ ಬಂದಿದ್ದ ಷಡಕ್ಷರಿ ಹೆಜ್ಜೆ ಎಳೆಯುತ್ತ ಓಡಿ, ತನ್ನ ಬೋಗಿಯ ಕಂಬಿ ಹಿಡಿದು ಹತ್ತಿಕೊಂಡ. ಅಂದು ಮುಂಗಾಲಲ್ಲೇ ಓಡಿದ್ದ ಅವನ ಹಿಮ್ಮಡಿ ಈಗ ಪೂರಾ ನೆಲಕ್ಕೆ ಬಡಿಯುತ್ತಿತ್ತು. ಮೂಟೆ ಹೆಗಲ ಮೇಲಿದ್ದುದನ್ನೂ ಮರೆತು ಬೀರಪ್ಪ ಅದನ್ನೇ ನೋಡುತ್ತ ನಿಂತ.